ಪುರಿಮ್ ಹಬ್ಬಕ್ಕೆ ಮಕ್ಕಳ ಕೈಯಿಂದ ಮೂರು ಮೂಲೆಯ ಬಿಸ್ಕತ್ತು ಮತ್ತು ಗಿಲಕಿ

ಯಹೂದಿಗಳ ಪುರಿಮ್ ಹಬ್ಬವು ಅದಾರ್ ಮಾಸದ 14ನೆಯ ದಿನ ಬರುತ್ತದೆ. ಅವರ ಪಂಚಾಂಗದಲ್ಲೂ ಅಧಿಕ ಮಾಸವಿರುವುದರಿಂದ ಅಂಥ ವರ್ಷಗಳಲ್ಲಿ ಅದನ್ನು ಎರಡನೆಯ ಅದಾರ್‌ನಲ್ಲಿ ಆಚರಿಸುತ್ತಾರೆ. ಪರ್ಷಿಯದ ಯಹೂದಿಗಳನ್ನು ನಿರ್ನಾಮ ಮಾಡಲು ಮಂತ್ರಿ ಹಾಮಾನನು ಹೂಡಿದ ಸಂಚನ್ನು ರಾಣಿ ಎಸ್ತೇರಳು ಮುರಿದ ಕಥೆಯನ್ನು ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಓದುವಾಗ, ಅವನ ಹೆಸರು ಬಂದಾಗಲೆಲ್ಲ ಅದು ಯಾರಿಗೂ ಕೇಳಿಸದಂತೆ ಮಕ್ಕಳು ಗದ್ದಲವೆಬ್ಬಿಸುತ್ತಾರೆ. ಹಬ್ಬದ ಬಿಸ್ಕತ್ತಿಗೂ ಅವನದೇ ಹೆಸರು: ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಷ್‌ನಲ್ಲಿ ಹಾಮನ್‌ತಾಶೆನ್, ಹೀಬ್ರೂವಿನಲ್ಲಿ ‘ಹಾಮಾನನ ಕಿವಿಗಳು’.

ಮೊದಲು ಹಿಟ್ಟನ್ನು ಸಿದ್ಧಪಡಿಸಿಕೊಳ್ಳಿ. 125 ಗ್ರಾಂ ಬೆಣ್ಣೆ ಮತ್ತು 90 ಗ್ರಾಂ ಪುಡಿಸಕ್ಕರೆಯನ್ನು ಚೆನ್ನಾಗಿ ನಾದಿ, ಒಂದು ಮೊಟ್ಟೆ ಸೇರಿಸಿ, 250 ಗ್ರಾಂ ಮೈದಾ, ಅರ್ಧ ಚಮಚ ಬೇಕಿಂಗ್ ಪೌಡರ್ ಮತ್ತು ಚಿಟಿಕೆ ಉಪ್ಪನ್ನು ಬೆರೆಸಿ ಉಂಡೆ ಕಟ್ಟಿ, ಒಂದು ಗಂಟೆ ಫ್ರಿಜ್‌ನಲ್ಲಿಡಿ. ಹೂರಣಕ್ಕೆ ಯುರೋಪಿನಲ್ಲಿ ಕಪ್ಪು ಗಸಗಸೆ ಬಳಸುವುದು ರೂಢಿ. ನಮ್ಮ ಬಿಳಿ ಗಸಗಸೆಯೂ ಆಗುತ್ತದೆ. 100 ಗ್ರಾಂ ಗಸಗಸೆಯನ್ನು ಪುಡಿ ಮಾಡಿ, 100 ಮಿಲಿಲೀಟರ್ ಹಾಲು, 60 ಗ್ರಾಂ ಸಕ್ಕರೆ ಮತ್ತು ತುರಿದ ನಿಂಬೆಸಿಪ್ಪೆಯೊಂದಿಗೆ ಸಣ್ಣ ಉರಿಯಲ್ಲಿ ಕಾಯಿಸುತ್ತಾ, ಸೌಟು ಎಳೆದ ಗೆರೆ ತಳದಲ್ಲಿ ಮುಚ್ಚಿಕೊಳ್ಳದಷ್ಟು ಗಟ್ಟಿಯಾದಾಗ ಇಳಿಸಿ, ಪೂರ್ತಿ ಆರಲು ಬಿಡಿ.

ಹಿಟ್ಟು ತಣ್ಣಗಾಗುವ ಆ ಒಂದು ಗಂಟೆ ಗಿಲಕಿ ಮಾಡಲು ಸಾಕು. ಎರಡು ಕಾಗದದ ತಟ್ಟೆಗಳಿಗೆ ಮಕ್ಕಳಿಂದ ಬಣ್ಣ ಹಚ್ಚಿಸಿ, ಒಂದರಲ್ಲಿ ಒಂದು ಹಿಡಿ ಒಣ ಅವರೆಕಾಳು ಹಾಕಿ, ಇನ್ನೊಂದನ್ನು ಬೋರಲಾಗಿ ಮುಚ್ಚಿ ಸುತ್ತಲೂ ಸ್ಟೇಪ್ಲರ್ ಹೊಡೆಯಿರಿ. ಪಿನ್ನುಗಳ ಮೇಲೆ ಟೇಪ್ ಅಂಟಿಸುವುದನ್ನು ಮರೆಯಬಾರದು. ತೀರಾ ಪುಟ್ಟ ಮಕ್ಕಳಿರುವ ಮನೆಯಲ್ಲಿ ಕಾಳಿನ ಗಿಲಕಿಯ ಬದಲು ತಟ್ಟೆ ಮತ್ತು ಚಮಚವನ್ನೇ ಕೊಡುವುದು ಒಳ್ಳೆಯದು.

ಇನ್ನು ಮೂಲೆಗಳ ವಿಷಯ. ಹಿಟ್ಟನ್ನು 4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, 8 ಸೆಂಟಿಮೀಟರ್ ಅಗಲದ ಲೋಟದ ಬಾಯಿಯಿಂದ ಬಿಲ್ಲೆಗಳನ್ನು ಕತ್ತರಿಸಿ, ನಡುವೆ ಒಂದೇ ಟೀ ಚಮಚ ಹೂರಣವಿಟ್ಟು, ಅಂಚನ್ನು ಮೂರು ಕಡೆಯಿಂದ ಹೂರಣದ ಮೇಲೆ ಮಡಚಿ, ಅವು ಕೂಡುವ ಮೂರು ಮೂಲೆಗಳನ್ನು ಚಿವುಟಿ. ಮಕ್ಕಳು ಹೂರಣವನ್ನು ಧಾರಾಳವಾಗಿ ಹಾಕುತ್ತಾರೆ, ಮೂಲೆಗಳನ್ನು ಮೆಲ್ಲಗೆ ಚಿವುಟುತ್ತಾರೆ. ಓವನ್‌ನೊಳಗೆ ಬಿಸ್ಕತ್ತು ಬಾಯಿಬಿಡುವುದು ಇವೆರಡರಿಂದಲೇ. ಕರ್ಜಿಕಾಯಿಯ ಅಂಚನ್ನು ಒತ್ತುವಂತೆ ಪ್ರತಿ ಮೂಲೆಯನ್ನೂ ಬಿಗಿಯಾಗಿ ಒತ್ತಿಸಿ, ನಡುವೆ ರೂಪಾಯಿ ನಾಣ್ಯದಷ್ಟು ಹೂರಣ ಮಾತ್ರ ಕಾಣುವಂತಿರಲಿ. ತಟ್ಟೆಯನ್ನು ಮತ್ತೆ 20 ನಿಮಿಷ ಫ್ರಿಜ್‌ನಲ್ಲಿಟ್ಟು, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 12ರಿಂದ 15 ನಿಮಿಷ, ಅಂಚು ಹೊಂಬಣ್ಣಕ್ಕೆ ತಿರುಗುವವರೆಗೆ ಬೇಯಿಸಿ.

ಅಂದು ಪರಿಚಿತರೊಬ್ಬರಿಗಾದರೂ ಎರಡು ಬಗೆಯ ತಿನಿಸನ್ನು ಕಳುಹಿಸಬೇಕೆಂಬ ನಿಯಮವಿರುವುದರಿಂದ, ಮಕ್ಕಳು ಅಲಂಕರಿಸಿದ ಪೊಟ್ಟಣದಲ್ಲಿ ಬಿಸ್ಕತ್ತಿನ ಜೊತೆ ಒಂದು ಹಣ್ಣನ್ನಿಟ್ಟರೆ ಆಯಿತು. ಕೋಷರ್ ಎಂಬ ಯಹೂದಿ ಆಹಾರ ನಿಯಮವನ್ನು ಪಾಲಿಸುವವರು ಹಾಲಿನ ಪದಾರ್ಥವನ್ನು ಮಾಂಸದೂಟದೊಂದಿಗೆ ತಿನ್ನುವುದಿಲ್ಲ, ಬೇರೆ ಅಡುಗೆಮನೆಯ ತಿನಿಸನ್ನು ಸ್ವೀಕರಿಸದೆಯೂ ಇರಬಹುದು. ಆದ್ದರಿಂದ ಮೊದಲೇ ಕೇಳಿಕೊಂಡು, ಹಬ್ಬದ ದಿನ ಸೂರ್ಯ ಮುಳುಗುವುದರೊಳಗೆ ಪೊಟ್ಟಣವನ್ನು ತಲುಪಿಸಿ.