ಜಗಲಿಯಲ್ಲಿ ಕಾಯುವ ತಾಯಿಯನ್ನು ಚಿತ್ರಿಸುವುದು ಹೇಗೆ?

ಮಡಿಕೇರಿ ಕಡೆಯ ತೋಟದ ಮನೆ, ಜುಲೈ ತಿಂಗಳ ಸಂಜೆ, ಜಗಲಿಯಲ್ಲಿ ಕುಳಿತು ಮಗನ ದಾರಿ ಕಾಯುತ್ತಿರುವ ತಾಯಿ. ಕಿರುಚಿತ್ರ ಮಾಡಹೊರಟವರಿಗೆ ಅಭ್ಯಾಸಕ್ಕೆ ಇಷ್ಟು ಸಾಕು. ಕ್ಯಾಮೆರಾ ಕೈಗೆತ್ತಿಕೊಳ್ಳುವ ಮುನ್ನ, ಪ್ರೇಕ್ಷಕರು ಇದನ್ನು ಯಾರ ಕಣ್ಣಿನಿಂದ ನೋಡಬೇಕು, ಯಾರ ಕಿವಿಯಿಂದ ಕೇಳಬೇಕು ಎಂಬುದನ್ನು ನಿರ್ಧರಿಸಿಕೊಳ್ಳಿ.

ತಾಯಿಯದೇ ಎಂದಾದರೆ, ಕ್ಯಾಮೆರಾವನ್ನು ಆಕೆ ಕುಳಿತ ಎತ್ತರಕ್ಕೆ ಇಳಿಸಿ, ಹೆಗಲ ಹಿಂದಿನಿಂದ ಗೇಟಿನ ದಾರಿಯನ್ನು ತೋರಿಸಿ. ಡ್ರೋನ್ ಹಾರಿಸಿ ಇಡೀ ತೋಟವನ್ನು ಹಿಡಿದರೆ ಆಕೆಯ ಒಂಟಿತನ ಕಾಣಬಹುದು, ಆದರೆ ಆಕೆಯ ಕಾತರ ನಮ್ಮದಾಗುವುದಿಲ್ಲ. ಮಳೆಯ ವಿಷಯದಲ್ಲಿ ಒಂದು ಎಚ್ಚರಿಕೆ: ಎಷ್ಟೇ ಜೋರಾಗಿ ಸುರಿಯುತ್ತಿದ್ದರೂ, ಬೆಳಕು ಕ್ಯಾಮೆರಾದ ಬೆನ್ನ ಕಡೆಯಿಂದ ಬಿದ್ದರೆ ಹನಿಗಳು ಕಾಣುವುದೇ ಕಷ್ಟ. ಬೆಳಕು ಮಳೆಯ ಆಚೆಯಿಂದ ಬರಬೇಕು, ಹಿನ್ನೆಲೆಯಲ್ಲಿ ಕಾಫಿ ಗಿಡಗಳ ಕಡುಹಸಿರಿರಬೇಕು. ಆಗ ಹೆಂಚಿನ ಅಂಚಿನಿಂದ ಇಳಿಯುವ ಒಂದೊಂದು ಧಾರೆಯೂ ಬಿಡಿಬಿಡಿಯಾಗಿ ಹೊಳೆಯುತ್ತದೆ.

ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ 1920ರ ಆಸುಪಾಸಿನಲ್ಲಿ ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನೊಂದಿಗೆ, ಇನ್ನೊಮ್ಮೆ ಶವಪೆಟ್ಟಿಗೆಯೊಂದಿಗೆ ಜೋಡಿಸಿ, ಅರ್ಥ ಹುಟ್ಟುವುದು ಎರಡು ಶಾಟ್‌ಗಳ ಸಂದಿಯಲ್ಲಿ ಎಂದು ತೋರಿಸಿದರು. ಆದ್ದರಿಂದ ತಾಯಿಯ ಪಾತ್ರಧಾರಿಗೆ ಕಣ್ಣೀರಿಡಲು ಹೇಳಬೇಡಿ. ಆಕೆಯ ಮುಖದ ನಂತರ ಉಕ್ಕಿ ಹರಿಯುವ ಹೊಳೆಯನ್ನಿಟ್ಟರೆ ಅದೇ ಮುಖದಲ್ಲಿ ಭಯ ಕಾಣುತ್ತದೆ. ಮುಚ್ಚಿಟ್ಟ ಊಟದ ತಟ್ಟೆಯನ್ನಿಟ್ಟರೆ ಮಮತೆ. ಅವಧಿಯೂ ಮಾತನಾಡುತ್ತದೆ: ಖಾಲಿ ದಾರಿ 2 ಸೆಕೆಂಡು ಉಳಿದರೆ ಅದು ಬರಿಯ ಮಾಹಿತಿ, 8 ಸೆಕೆಂಡು ಉಳಿದರೆ ಆತಂಕ. ತಾಯಿ ಪರದೆಯ ಬಲಕ್ಕೆ ನೋಡುತ್ತಿದ್ದರೆ, ಬರುವವರು ಎಡಕ್ಕೆ ಮುಖ ಮಾಡಿರಬೇಕೆಂಬುದನ್ನೂ ಮರೆಯಬಾರದು.

ಹೆಚ್ಚಿನವರು ಸೋಲುವುದು ಶಬ್ದದಲ್ಲಿ. ನನ್ನ ಮೊದಲ ಚಿತ್ರದಲ್ಲಿ ಜಗಲಿಯಲ್ಲೇ ಮುದ್ರಿಸಿಕೊಂಡ ಮಳೆ, ಎಣ್ಣೆಯಲ್ಲಿ ಏನೋ ಕರಿಯುತ್ತಿರುವಂತೆ ಕೇಳಿಸಿ, ಮಾತುಗಳನ್ನೆಲ್ಲ ನುಂಗಿಹಾಕಿತ್ತು. ಮಾತನ್ನು ಮಳೆ ಬಿಟ್ಟಾಗ ಮುದ್ರಿಸಿ. ಹೆಂಚಿನ ಮೇಲೆ, ತಗಡಿನ ಮೇಲೆ, ಕೆಸುವಿನ ಎಲೆಯ ಮೇಲೆ ಬೀಳುವ ಹನಿಗಳ ಸದ್ದನ್ನು ಬೇರೆಬೇರೆಯಾಗಿ ಹಿಡಿದು, ಸಂಕಲನದಲ್ಲಿ ಬೇಕಾದಷ್ಟೇ ಬೆರೆಸಿ. ಬಳಿಕ ಆಕೆಯ ಮುಖದ ಮೇಲೆಯೇ ದೂರದ ಜೀಪಿನ ಸದ್ದನ್ನು ತನ್ನಿ, ಜೀಪನ್ನು ತೋರಿಸಬೇಡಿ. ಆಕೆ ಕಿವಿಗೊಟ್ಟಂತೆ ಮಳೆಯ ಸದ್ದನ್ನು ಮೆಲ್ಲನೆ ತಗ್ಗಿಸುತ್ತ ಬನ್ನಿ. ಜೀಪು ಗೇಟಿನ ಬಳಿ ನಿಲ್ಲದೆ ಮುಂದೆ ಸಾಗಲಿ. ಅದರ ಸದ್ದು ಅಡಗಿದ ಮೇಲೂ ಕತ್ತರಿಸದೆ ಮುಖದ ಮೇಲೆಯೇ ಉಳಿದು, ಮಳೆಯನ್ನು ಪೂರ್ಣ ದನಿಯಲ್ಲಿ ಮರಳಿ ತನ್ನಿ.