ಶವರ್ ಹೆಡ್‌ನ ಸುಣ್ಣದ ಕರೆ ತೆಗೆಯುವ ವಿಧಾನ

ಶವರ್‌ನ ಒಂದೆರಡು ಎಳೆ ನೀರು ನೇರವಾಗಿ ಬೀಳದೆ ಓರೆಯಾಗಿ ಗೋಡೆಗೆ ಸಿಡಿಯತೊಡಗಿದರೆ, ಅದರ ತೂತುಗಳಲ್ಲಿ ಕರೆ ಕಟ್ಟುತ್ತಿದೆ ಎಂದೇ ತಿಳಿಯಬೇಕು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೈಕಾರ್ಬನೇಟ್‌ಗಳು ಕರಗಿರುತ್ತವೆ. ನೀರು ಕಾದಾಗ, ಹಾಗೂ ತೂತಿನ ತುದಿಯಲ್ಲಿ ನಿಂತ ಹನಿ ಆರಿದಾಗ, ಇದರಲ್ಲಿನ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಬೇರ್ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸುಣ್ಣದ ಕಲ್ಲಿನಲ್ಲಿರುವುದೂ ಇದೇ ವಸ್ತು. ಹೀಗಾಗಿ ಇದನ್ನು ಕೆರೆದು ತೆಗೆಯುವುದಕ್ಕಿಂತ ಆಮ್ಲದಲ್ಲಿ ಕರಗಿಸಿ ತೆಗೆಯುವುದೇ ಸರಿಯಾದ ದಾರಿ. ಸೂಜಿ, ಪಿನ್ನು, ಚಾಕುವಿನ ಮೊನೆಗಳಿಂದ ತೂತುಗಳನ್ನು ತಿವಿದರೆ ಕರೆ ಒಳಕ್ಕೆ ಸರಿಯುವುದಲ್ಲದೆ ಲೇಪನಕ್ಕೆ ಗೀರು ಬೀಳುತ್ತದೆ. ಆ ಗೀರುಗಳ ಒರಟು ಮೈಗೆ ಮುಂದಿನ ಕರೆ ಇನ್ನೂ ಬೇಗ ಹಿಡಿಯುತ್ತದೆ.

ಕೆಲಸಕ್ಕೆ ಇಳಿಯುವ ಮೊದಲು ತೊಂದರೆ ಎಲ್ಲಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಕೆಲವೇ ತೂತುಗಳು ಮುಚ್ಚಿದ್ದರೆ ಕರೆ ಮುಖಭಾಗದಲ್ಲಿದೆ. ಎಲ್ಲ ತೂತುಗಳಿಂದಲೂ ನೀರು ಬರುತ್ತಿದ್ದು ರಭಸ ಮಾತ್ರ ಕಡಿಮೆಯಾಗಿದ್ದರೆ, ಪೈಪು ಸೇರುವ ಕಡೆ ಇರುವ ಸಣ್ಣ ಜಾಲರಿಯಲ್ಲಿ ಮರಳು, ತುಕ್ಕಿನ ಚೂರು ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಮನೆಯ ಬೇರೆ ನಲ್ಲಿಗಳಲ್ಲೂ ನೀರು ಸಣ್ಣಗೆ ಬರುತ್ತಿದ್ದರೆ ಶವರ್‌ನದು ತಪ್ಪೇ ಅಲ್ಲ.

ತೂತುಗಳ ಸುತ್ತ ಮೆತ್ತಗಿನ ಸಿಲಿಕೋನ್ ಮೊನೆಗಳಿದ್ದರೆ ಮೊದಲು ನೀರು ಬಿಟ್ಟು, ಹೆಬ್ಬೆರಳಿನಿಂದ ಅವನ್ನು ಒಂದೊಂದಾಗಿ ಹೊಸಕಿ ನೋಡಿ. ಮೊನೆ ಬಾಗಿದಾಗ ಒಳಗಿನ ಬಿಳಿ ಪೊರೆ ಬಿರಿದು ಪುಡಿಯಾಗಿ ನೀರಿನೊಂದಿಗೆ ಹೊರಬರುವುದು ಕಣ್ಣಿಗೇ ಕಾಣುತ್ತದೆ. ತೆಳುವಾದ ಕರೆಗೆ ಅನೇಕ ವೇಳೆ ಇಷ್ಟೇ ಸಾಕಾಗುತ್ತದೆ.

ಕರೆ ಗಟ್ಟಿಯಾಗಿದ್ದರೆ ನೆನೆಹಾಕಬೇಕು. ಶವರ್‌ನ ನಲ್ಲಿಯನ್ನು ಬಿಗಿಯಾಗಿ ನಿಲ್ಲಿಸಿ, ಶವರ್ ಹೆಡ್ಡನ್ನು ಎಡಕ್ಕೆ ತಿರುಗಿಸಿ ಬಿಚ್ಚಿ. ಕೈಗೆ ಬಗ್ಗದಿದ್ದರೆ ದಪ್ಪ ಬಟ್ಟೆ ಸುತ್ತಿ ಅದರ ಮೇಲೆ ಸ್ಪ್ಯಾನರ್ ಹಿಡಿಯಬೇಕು. ಆಗ ಗೋಡೆಯಿಂದ ಬರುವ ಕೊಳವೆಯನ್ನು ಇನ್ನೊಂದು ಕೈಯಲ್ಲಿ ಅಲುಗಾಡದಂತೆ ಹಿಡಿದಿರದಿದ್ದರೆ ಗೋಡೆಯೊಳಗಿನ ಜೋಡಣೆ ಸಡಿಲವಾಗಿ ಸೋರಿಕೆ ಶುರುವಾಗಬಹುದು. ಬಿಚ್ಚಿದ ಶವರ್ ಹೆಡ್‌ನಿಂದ ವಾಷರ್ ಮತ್ತು ಜಾಲರಿಯನ್ನು ತೆಗೆದಿಟ್ಟು, ಮುಖಭಾಗ ಮುಳುಗುವಷ್ಟು ಬಿಳಿ ವಿನೆಗರ್‌ನಲ್ಲಿ ಇಡಿ. ಅಡುಗೆಗೆ ಬಳಸುವ, ಸುಮಾರು 5 ಶೇಕಡಾ ಅಸಿಟಿಕ್ ಆಮ್ಲವಿರುವ ವಿನೆಗರ್ ಸಾಕು. ವಾಸನೆ ಹಿಡಿಸದವರು ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಸುಮಾರು 30 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಬಳಸಬಹುದು. ತುಕ್ಕಿನ ಕಂದು ಕಲೆಗಳಿದ್ದರಂತೂ ಸಿಟ್ರಿಕ್ ಆಮ್ಲವೇ ಮೇಲು. ಬಿಚ್ಚಲು ಬಾರದ ಶವರ್ ಆದರೆ ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ವಿನೆಗರ್ ತುಂಬಿ, ಶವರ್ ಹೆಡ್ ಅದರಲ್ಲಿ ಮುಳುಗುವಂತೆ ರಬ್ಬರ್ ಬ್ಯಾಂಡಿನಿಂದ ಕಟ್ಟಬೇಕು.

ಆಮ್ಲ ತಾಗಿದ ಕರೆಯ ಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ. ಅದು ಕಾರ್ಬನೇಟ್ ಕರಗುವಾಗ ಹೊರಬರುವ ಇಂಗಾಲದ ಡೈಆಕ್ಸೈಡ್. ಸಾದಾ ಕ್ರೋಮಿಯಂ ಲೇಪನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ಕರೆ ಉಳಿದಿದ್ದರೆ ತೊಳೆದು, ಹೊಸ ವಿನೆಗರ್‌ನಲ್ಲಿ ಮತ್ತೊಮ್ಮೆ ಇಡಬಹುದು. ಚಿನ್ನದ ಬಣ್ಣದ, ಕಂಚಿನ ಛಾಯೆಯ ಅಥವಾ ಹೊಳಪಿಲ್ಲದ ನಿಕ್ಕಲ್ ಲೇಪನಗಳು ಆಮ್ಲಕ್ಕೆ ಬೇಗ ಮಂಕಾಗುವುದರಿಂದ, ತಯಾರಕರು ಬೇಡವೆಂದಿದ್ದರೆ ಅವಕ್ಕೆ ಆಮ್ಲ ಸೋಕಿಸಲೇಬಾರದು; ಅವರು ಹಾಗೆ ಹೇಳಿರದಿದ್ದರೆ ಸಮಪಾಲು ನೀರು ಬೆರೆಸಿದ ವಿನೆಗರ್‌ನಲ್ಲಿ ಇಟ್ಟು, ಹತ್ತು ಹದಿನೈದು ನಿಮಿಷಕ್ಕೊಮ್ಮೆ ತೆಗೆದು ನೋಡುತ್ತಿರಬೇಕು. ಅಮೃತಶಿಲೆಯ ನೆಲದ ಮೇಲೆ ವಿನೆಗರ್ ಚೆಲ್ಲಿದರೆ ಕಲೆ ಉಳಿಯುತ್ತದೆ, ಏಕೆಂದರೆ ಆ ಕಲ್ಲೂ ಕ್ಯಾಲ್ಸಿಯಂ ಕಾರ್ಬನೇಟೇ. ಶೌಚಾಲಯ ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲವನ್ನು ಅವಸರಕ್ಕೆಂದು ಬಳಸುವವರಿದ್ದಾರೆ. ಅದು ಕರೆಯ ಜೊತೆಗೆ ಕ್ರೋಮಿಯಂ ಲೇಪನವನ್ನೂ ತಿಂದುಹಾಕುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಎಚ್ಚರವೆಂದರೆ, ವಿನೆಗರನ್ನಾಗಲಿ ಬೇರಾವ ಆಮ್ಲವನ್ನಾಗಲಿ ಬ್ಲೀಚ್ ಅಥವಾ ಬ್ಲೀಚಿಂಗ್ ಪೌಡರ್ ಜೊತೆ ಎಂದಿಗೂ ಸೇರಿಸಬಾರದು. ಅದರಿಂದ ಹೊರಡುವ ಕ್ಲೋರಿನ್ ಅನಿಲವು ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಪ್ರಾಣಕ್ಕೇ ಅಪಾಯ ತರಬಲ್ಲದು.

ನೆನೆದ ಮೇಲೆ ಹಳೆಯ ಟೂತ್‌ಬ್ರಷ್‌ನಿಂದ ಮುಖಭಾಗವನ್ನು ಉಜ್ಜಿ, ಜಾಲರಿಯನ್ನು ಒಳಬದಿಯಿಂದ ಹೊರಕ್ಕೆ ನೀರು ಹಾಯಿಸಿ ತೊಳೆಯಿರಿ. ಕೊಳವೆಯ ಮರೆಗಳ (ತುದಿಯ ತಿರುಪಿನ ಸುರುಳಿ ಗೀರುಗಳ) ಮೇಲೆ ಸೋರಿಕೆ ತಡೆಯಲು ಸುತ್ತಿರುವ ಹಳೆಯ ಟೆಫ್ಲಾನ್ ಟೇಪನ್ನು ಪೂರ್ತಿ ಸುಲಿದು, ಮರೆಯ ತುದಿ ನಿಮ್ಮತ್ತ ಇರುವಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಹೊಸ ಟೇಪನ್ನು ಎರಡು ಮೂರು ಸುತ್ತು ಸುತ್ತಬೇಕು. ವಿರುದ್ಧ ದಿಕ್ಕಿನಲ್ಲಿ ಸುತ್ತಿದರೆ ಶವರ್ ಹೆಡ್ ತಿರುಗಿಸುವಾಗ ಟೇಪು ಬಿಚ್ಚಿಕೊಂಡು ಮುದ್ದೆಯಾಗುತ್ತದೆ. ಶವರ್ ಹೆಡ್ಡನ್ನು ಕೈಯಿಂದ ಬಿಗಿ ಮಾಡಿ ನೀರು ಬಿಟ್ಟು ನೋಡಿ. ಜೋಡಣೆಯಲ್ಲಿ ಹನಿ ಕಂಡರೆ ಮಾತ್ರ ಸ್ಪ್ಯಾನರ್‌ನಿಂದ ಕಾಲು ಸುತ್ತು ಬಿಗಿದರೆ ಸಾಕು. ಮೊದಲ ಒಂದು ನಿಮಿಷ ಬಿಸಿನೀರು ಹರಿಯಬಿಟ್ಟರೆ ಉಳಿದ ಆಮ್ಲ, ಕರೆಯ ಪುಡಿ ಎಲ್ಲವೂ ಹೋಗುತ್ತದೆ.

ನಲ್ಲಿ ನಿಲ್ಲಿಸಿ ಬಹಳ ಹೊತ್ತಾದರೂ ಶವರ್ ತೊಟ್ಟಿಕ್ಕುತ್ತಲೇ ಇದ್ದರೆ ಶವರ್ ಹೆಡ್ ತೊಳೆದು ಪ್ರಯೋಜನವಿಲ್ಲ. ನಲ್ಲಿಯೊಳಗಿನ ವಾಷರ್ ಅಥವಾ ನೀರನ್ನು ಬಿಟ್ಟು ನಿಲ್ಲಿಸುವ ಒಳಭಾಗವಾದ ಕಾರ್ಟ್ರಿಜ್ ಸವೆದಿರುತ್ತದೆ.

ನೀರು ಗಡಸಾಗಿರುವ ಮನೆಯಲ್ಲಿ ತಿಂಗಳಿಗೊಮ್ಮೆಯಾದರೂ ಮೊನೆಗಳನ್ನು ಹೊಸಕಿ, ಮೂರು ತಿಂಗಳಿಗೊಮ್ಮೆ ನೆನೆಹಾಕುವುದು ಸೂಕ್ತ. ಸ್ನಾನದ ನಂತರ ಮುಖಭಾಗವನ್ನು ಒಣಬಟ್ಟೆಯಿಂದ ಒರೆಸಿದರೆ ಈ ಅವಧಿಯನ್ನು ಇನ್ನಷ್ಟು ಮುಂದಕ್ಕೆ ಹಾಕಬಹುದು. ಮನೆ ಬಿಟ್ಟು ಹೋಗಿ ಬಹುದಿನಗಳ ಮೇಲೆ ಮರಳಿದಾಗ ಮಾತ್ರ ಬೇರೆಯೇ ಕಾಳಜಿ ಬೇಕು. ಕೊಳವೆಯಲ್ಲಿ ನಿಂತ ನೀರು 20ರಿಂದ 45 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿದ್ದರೆ ಲೀಜಿಯೊನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ಮತ್ತು ಅದಿರುವ ನೀರಿನ ತುಂತುರನ್ನು ಉಸಿರಾಡಿದರೆ ತೀವ್ರ ನ್ಯುಮೋನಿಯಾ ಬರಬಹುದು. ಆದ್ದರಿಂದ ಅಂಥ ಸಂದರ್ಭದಲ್ಲಿ ತುಂತುರು ಹರಡದಂತೆ ಶವರ್ ಹೆಡ್ಡನ್ನು ಬಿಚ್ಚಿ, ಬಿಸಿ ಮತ್ತು ತಣ್ಣೀರು ಎರಡನ್ನೂ ಕೆಲವು ನಿಮಿಷ ಹರಿಯಬಿಟ್ಟ ನಂತರವೇ ಅದನ್ನು ತಿರುಗಿಸಿ ಹಾಕಿ ಸ್ನಾನಕ್ಕೆ ನಿಲ್ಲಬೇಕು.