ರ‍್ಯಾಲಿ ಸೀಸನ್ ವಿಮರ್ಶೆ ಬರೆಯುವ ಮುನ್ನ ಮಾಡಿಕೊಳ್ಳಬೇಕಾದ ಲೆಕ್ಕ

ಡಬ್ಲ್ಯುಆರ್‌ಸಿ (ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್) ಸೀಸನ್ ಮುಗಿದ ಕೂಡಲೇ ಎಲ್ಲರೂ ತೆರೆಯುವುದು ಅಂತಿಮ ಪಾಯಿಂಟ್ ಪಟ್ಟಿ. 2025ರದ್ದನ್ನೇ ನೋಡಿ: ಚಾಲಕರಾದ ಸೆಬಾಸ್ಟಿಯನ್ ಓಜಿಯೆ 293, ಎಲ್ಫಿನ್ ಇವಾನ್ಸ್ 289. ಕೂದಲೆಳೆಯ ಪೈಪೋಟಿ ಅನ್ನಿಸುತ್ತದೆ. ಆದರೆ ಇವಾನ್ಸ್ 14 ರ‍್ಯಾಲಿಗಳಲ್ಲೂ ಇದ್ದರು. ಓಜಿಯೆ ಸ್ವೀಡನ್, ಕೆನ್ಯಾ, ಎಸ್ಟೋನಿಯಾ ಬಿಟ್ಟು 11ರಲ್ಲಿ ಮಾತ್ರ. ಭಾಗಿಸಿದರೆ ರ‍್ಯಾಲಿಯೊಂದಕ್ಕೆ ಓಜಿಯೆಗೆ 26.6, ಇವಾನ್ಸ್‌ಗೆ 20.6. ಈ ಆರು ಪಾಯಿಂಟ್ ಎಲ್ಲಿಂದ ಬಂತು ಎಂದು ಹುಡುಕುವುದೇ ವಿಮರ್ಶೆಯ ಕೆಲಸ.

ಮೊದಲು ಶುಕ್ರವಾರದ ಸ್ಟಾರ್ಟ್ ಕ್ರಮ ಬರೆದಿಟ್ಟುಕೊಳ್ಳಿ. ಅಂದು ಕಾರುಗಳು ಹೊರಡುವುದು ಚಾಂಪಿಯನ್‌ಷಿಪ್ ಸ್ಥಾನದ ಪ್ರಕಾರ, ಮುಂದಿರುವವರೇ ಮೊದಲು. ಗ್ರಾವೆಲ್ ರಸ್ತೆಯಲ್ಲಿ ಅದು ಬಹುಮಾನವಲ್ಲ, ಶಿಕ್ಷೆ: ಮೇಲಿನ ಸಡಿಲ ಜಲ್ಲಿಯನ್ನು ಗುಡಿಸುವ ಕೆಲಸ ಮೊದಲ ಕಾರಿನದ್ದು, ಗಟ್ಟಿ ನೆಲ ಸಿಗುವುದು ಹಿಂದಿನವರಿಗೆ. ಸೀಸನ್ನಿನ ಬಹುಪಾಲು ಪಟ್ಟಿಯ ಅಗ್ರಸ್ಥಾನದಲ್ಲಿದ್ದ ಇವಾನ್ಸ್ ತೆತ್ತ ಸುಂಕ ಇದು. ಡಾಂಬರಿನಲ್ಲಿ ಲೆಕ್ಕ ತಿರುಗುಮುರುಗು. ತಿರುವು ಕತ್ತರಿಸುವ ಕಾರುಗಳು ಅಂಚಿನ ಮಣ್ಣನ್ನು ರಸ್ತೆಗೆ ಎಳೆಯುವುದರಿಂದ ಹಿಂದಿನವರಿಗೇ ಕಷ್ಟ.

ನಷ್ಟವನ್ನು ಸೆಕೆಂಡಿನಲ್ಲಿ ಅಳೆಯಬೇಡಿ, ಕಿಲೋಮೀಟರಿಗೆ ಸೆಕೆಂಡಿನಲ್ಲಿ ಅಳೆಯಿರಿ. 22 ಕಿ.ಮೀ. ಸ್ಟೇಜಿನಲ್ಲಿ (ಸಮಯ ಅಳೆದು ಓಡಿಸುವ ರಸ್ತೆಯ ತುಂಡು) 11 ಸೆಕೆಂಡ್ ಹಿಂದೆ ಬಿದ್ದರೆ ಅದು 0.5. ಮಧ್ಯಾಹ್ನ ಅದೇ ಸ್ಟೇಜ್ ಎರಡನೇ ಸಲ ಓಡುವಾಗ ಜಲ್ಲಿ ಬಹುಪಾಲು ಸರಿದಿರುತ್ತದೆ. ಬೆಳಿಗ್ಗೆ 0.5 ಇದ್ದದ್ದು 0.1ಕ್ಕೆ ಇಳಿದರೆ ತಪ್ಪು ರಸ್ತೆಯದ್ದು. 0.4ರಲ್ಲೇ ನಿಂತರೆ ಕಾರಿನ ಸೆಟಪ್ಪನ್ನೋ, ಟೈರ್ ಆಯ್ಕೆಯನ್ನೋ, ಚಾಲಕನನ್ನೋ ಅನುಮಾನಿಸಿ. ರೆಡ್ ಫ್ಲ್ಯಾಗ್ ಬಿದ್ದು ಓಟ ನಿಂತ ಸ್ಟೇಜಿನಲ್ಲಿ ಅಧಿಕಾರಿಗಳು ಅಂದಾಜಿನ ಮೇಲೆ ಕೊಟ್ಟ ಸಮಯವನ್ನು ಈ ಲೆಕ್ಕದಿಂದ ತೆಗೆದುಹಾಕಿ. ಮರೆತರೆ ಸರಾಸರಿ ಹಾಳು.

ಭಾನುವಾರಕ್ಕೆ ಪ್ರತ್ಯೇಕ ಕಾಲಂ ಬೇಕು. 2025ರಲ್ಲಿ ಗೆಲುವಿಗೆ 25, ಎರಡನೆಯದಕ್ಕೆ 17. ಅದರ ಮೇಲೆ ಸೂಪರ್ ಸಂಡೇಗೆ (ಭಾನುವಾರದ ಒಟ್ಟು ಸಮಯದಲ್ಲಿ ಮೊದಲಿಗರಿಗೆ) 5, ಪವರ್ ಸ್ಟೇಜ್‌ಗೆ (ಕೊನೆಯ ಸ್ಟೇಜಿನಲ್ಲಿ ಮೊದಲಿಗರಿಗೆ) 5, ಗರಿಷ್ಠ 35. ಶುಕ್ರವಾರ ಕಾರು ನಿಂತು ಮರುದಿನ ಮತ್ತೆ ಹೊರಟವರಿಗೂ ಭಾನುವಾರದ ಹತ್ತು ಪಾಯಿಂಟ್ ತೆರೆದೇ ಇರುತ್ತದೆ. ಹಾಗಾಗಿ ಶನಿವಾರ ಟೈರ್ ಉಳಿಸಿಕೊಂಡು ನಿಧಾನ ಹೋದವರನ್ನು ‘ವೇಗ ಕಳೆದುಕೊಂಡರು’ ಎಂದು ಬರೆದುಬಿಡಬೇಡಿ.

2024ರೊಂದಿಗೆ ಹೋಲಿಸುವುದಾದರೆ ಜಾಗ್ರತೆ, ಪಾಯಿಂಟ್ ಪದ್ಧತಿಯೇ ಬೇರೆ. ಆಗ ಶನಿವಾರ ರಾತ್ರಿ ಮುಂದಿದ್ದವರಿಗೆ 18, ಆದರೆ ಭಾನುವಾರ ಮುಗಿಸಿದರೆ ಮಾತ್ರ. ಒಟ್ಟಾರೆ ಗೆಲುವಿಗೆ ಬೇರೆ ಪಾಯಿಂಟ್ ಇಲ್ಲ, ಭಾನುವಾರದ ವೇಗಕ್ಕೆ ಪ್ರತ್ಯೇಕ ಲೆಕ್ಕ. ಸ್ವೀಡನ್‌ನಲ್ಲಿ ಗೆದ್ದ ಎಸಾಪೆಕ್ಕಾ ಲಾಪ್ಪಿಗೆ 19, ಎರಡನೆಯವರಾದ ಇವಾನ್ಸ್‌ಗೆ 24! (ಆ ಪದ್ಧತಿ ಒಂದೇ ವರ್ಷಕ್ಕೆ ಮೂಲೆ ಸೇರಿದ್ದು ಸುಮ್ಮನೆ ಅಲ್ಲ.) ಜಪಾನ್‌ನಲ್ಲಿ ಮುಂದಿದ್ದ ಓಟ್ ಟಾನಕ್ ಭಾನುವಾರ ಬೆಳಿಗ್ಗೆ ರಸ್ತೆಯಿಂದ ಹೊರಹೋದಾಗ ಆ 18 ಕೂಡ ಹೋಯಿತು. ಪ್ರಶಸ್ತಿಗೆ ಅವರ ಎದುರಾಳಿಯಾಗಿದ್ದ ಥಿಯರಿ ನೂವಿಲ್ ಚಾಂಪಿಯನ್ ಆದರು. ಇಬ್ಬರದ್ದೂ ಒಂದೇ ತಂಡವಾದ ಹ್ಯುಂಡೈ ತಯಾರಕರ ಪ್ರಶಸ್ತಿಯನ್ನು ಟೊಯೋಟಾಗೆ 558–561ರಲ್ಲಿ ಬಿಟ್ಟುಕೊಟ್ಟಿತು.

ನಿವೃತ್ತಿಗಳನ್ನು ಒಂದೇ ಬುಟ್ಟಿಗೆ ಹಾಕಬೇಡಿ: ಚಾಲಕನ ತಪ್ಪು, ಯಂತ್ರದ ದೋಷ, ಟೈರ್, ಮೂರೂ ಬೇರೆ. ಸಾರ್ಡಿನಿಯಾ, ಗ್ರೀಸ್, ಕೆನ್ಯಾದಲ್ಲಿ ಪಂಕ್ಚರ್ ಆಗಿದ್ದರೆ ಮೊದಲ ಓಟದಲ್ಲೋ ಎರಡನೆಯದರಲ್ಲೋ ನೋಡಿ. ಎರಡನೆಯದಾದರೆ ಮುಂದಿನ ಕಾರುಗಳು ಕಿತ್ತು ಹಾಕಿದ ಕಲ್ಲಿಗೆ ತಾಗಿರುವ ಸಾಧ್ಯತೆ ಹೆಚ್ಚು. ಆನ್‌ಬೋರ್ಡ್ ವಿಡಿಯೊದಲ್ಲಿ ಕಾರು ಎಲ್ಲರೂ ಹೋದ ಗಾಡಿಜಾಡಿನಲ್ಲೇ ಇತ್ತೇ, ಒಳಅಂಚು ಕತ್ತರಿಸಿತ್ತೇ ಎಂದು ಖಾತ್ರಿ ಮಾಡಿಕೊಂಡ ಮೇಲೆ ‘ದುರದೃಷ್ಟ’ ಎಂಬ ಪದ ಬಳಸಿ.